ಮೂರನೇ ಅಂಕಿಯಲ್ಲಿ ಬಚ್ಚಿಟ್ಟಿದ್ದು

“ಸಣ್ಣ ಚೇಂಜ್ ಅಷ್ಟೇ” ಅಂತ ಒಂದು ಶುಕ್ರವಾರ ಸಂಜೆ ರಿಲೀಸ್ ಬಟನ್ ಒತ್ತಿ ಮನೆಗೆ ಹೊರಟೆ. 2.4.0 ಇದ್ದ ನಮ್ಮ ಲೈಬ್ರರಿ 2.4.1 ಆಯ್ತು.

ನಿಜಕ್ಕೂ ಮಾಡಿದ್ದೇನು ಗೊತ್ತಾ? ತಾರೀಖು ಕೊಡುವ ಫಂಕ್ಷನ್‌ನಲ್ಲಿ ದಿನ-ತಿಂಗಳು-ವರ್ಷ ಇದ್ದದ್ದನ್ನು ತಿರುಗಿಸಿ ವರ್ಷ-ತಿಂಗಳು-ದಿನ ಮಾಡಿದ್ದೆ. ಅದನ್ನು ನಂಬಿಕೊಂಡವರ ಕೋಡ್ ಮುರಿಯುತ್ತೆ ಅಂತ ಗೊತ್ತಿತ್ತು. ಸೆಮ್ಯಾಂಟಿಕ್ ವರ್ಷನಿಂಗ್ ಪ್ರಕಾರ ಅದು 3.0.0 ಆಗಬೇಕಿತ್ತು. ಹಳೆಯದು ಮುರಿಯುವಂತಿದ್ದರೆ ಮೊದಲ ಅಂಕಿ ಏರಬೇಕು, ಹಳೆಯದಕ್ಕೆ ತೊಂದರೆಯಾಗದಂತೆ ಹೊಸದು ಸೇರಿಸಿದರೆ ಎರಡನೆಯದು, ಬರೀ ಬಗ್ ಸರಿಮಾಡಿದರೆ ಮೂರನೆಯದು. ಆದರೆ 3.0.0 ಅಂದ ಕೂಡಲೇ ಮೀಟಿಂಗ್, ಮೇಲ್, “ಏನು ಬದಲಾಯ್ತು?” ಅನ್ನೋ ಪ್ರಶ್ನೆಗಳು. ಅದು ಬೇಡ ಅಂತ ಮೂರನೇ ಅಂಕಿಯಲ್ಲಿ ಬಚ್ಚಿಟ್ಟೆ.

ಮೂರನೇ ಅಂಕಿ ಏರಿದರೆ ಪಕ್ಕದ ಟೀಮ್‌ನ ಬಿಲ್ಡ್ ಯಾರನ್ನೂ ಕೇಳದೆ ಹೊಸದನ್ನು ಎಳೆದುಕೊಳ್ಳುತ್ತೆ. ಎಳೆದುಕೊಂಡಿತು. ರಾತ್ರಿ 11ಕ್ಕೆ ಗ್ರೂಪ್‌ನಲ್ಲಿ ಮೆಸೇಜ್: ರಜೆ ಲೆಕ್ಕ ಹಾಕುವ ಆ್ಯಪ್ ನಿಂತಿದೆ. ಗದಗದ ಹುಡುಗನೊಬ್ಬ, ಕೆಲಸಕ್ಕೆ ಸೇರಿ ನಾಲ್ಕೇ ತಿಂಗಳು, ಅವತ್ತೇ ತನ್ನ ಕೋಡ್ ಸೇರಿಸಿದ್ದ. ತಪ್ಪು ತನ್ನದೇ ಅಂದುಕೊಂಡು ಒಂದೊಂದೇ ಸಾಲು ಹುಡುಕುತ್ತಿದ್ದ. ನನಗೆ ಅನುಮಾನ ಬಂದಿತ್ತು. ಬೆಳಿಗ್ಗೆ ನೋಡೋಣ ಅಂತ ಫೋನ್ ಮಗುಚಿಟ್ಟು ಮಲಗಿದೆ.

ಸೋಮವಾರ ನಂಬರ್ ಹೇಗೆ ಇಡಬೇಕು ಅನ್ನೋದೇ ದೊಡ್ಡ ಚರ್ಚೆ. ಉಬುಂಟು ಥರ ತಾರೀಖೇ ಇಡೋಣ ಅಂದ್ರು ಒಬ್ಬರು, 24.04 ಅಂದ್ರೆ 2024ರ ಏಪ್ರಿಲ್, ಮುಗೀತು. ಡೊನಾಲ್ಡ್ ಕ್ನೂತ್ ತಮ್ಮ ಟೆಕ್‌ಗೆ ಪೈ ಬೆಲೆಯ ಒಂದೊಂದೇ ಅಂಕಿ ಸೇರಿಸುತ್ತಾ ಹೋಗ್ತಾರೆ ಅಂತ ಇನ್ನೊಬ್ಬರು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ದೊಡ್ಡ ಬದಲಾವಣೆ ಏನೂ ಇಲ್ಲದೆಯೇ ಲಿನಕ್ಸ್ ಕರ್ನಲ್ ಅನ್ನು 2.6.39ರಿಂದ 3.0ಗೆ ಜಿಗಿಸಿದ್ದೂ ಬಂತು. ನನಗೆ ತಾರೀಖಿನ ಪದ್ಧತಿ ಇಷ್ಟವೇ, ಆದರೆ ಜನ ಫೋನ್‌ನಲ್ಲಿ ಬಳಸೋ ಆ್ಯಪ್‌ಗೆ. ಇನ್ನೊಬ್ಬರ ಕೋಡ್ ಆತುಕೊಂಡಿರೋ ಲೈಬ್ರರಿಗೆ ಯಾವಾಗ ಬಂತು ಅನ್ನೋದಕ್ಕಿಂತ ಏನು ಮುರಿಯುತ್ತೆ ಅನ್ನೋದು ಮುಖ್ಯ. ಮೂರಂಕಿಯೇ ಇರಲಿ ಅಂದೆ. ಹೇಳೋ ಮುಖ ನನಗಿತ್ತಾ ಅನ್ನೋದು ಬೇರೆ ಮಾತು.

(2.9 ಆದ ಮೇಲೆ 2.10 ಹೇಗೆ ಬರುತ್ತೆ ಅಂತ ಅಪ್ಪ ಕೇಳಿದ್ರು. ಕ್ರಿಕೆಟ್ ಓವರ್‌ನಲ್ಲಿ 4.5 ಅಂದ್ರೆ ನಾಲ್ಕೂವರೆ ಅಲ್ಲವಲ್ಲ, ಹಾಗೇನೇ ಅಂದೆ. ಒಪ್ಪಿಕೊಂಡ್ರು.)

ಹಾಳಾದ 2.4.1 ಅನ್ನು ಸದ್ದಿಲ್ಲದೆ ತಿದ್ದೋ ಹಾಗಿಲ್ಲ, ಹೊರಬಿಟ್ಟ ನಂಬರ್ ಹೊರಬಿಟ್ಟ ಹಾಗೇ. ಹಳೆಯ ತಾರೀಖನ್ನು ವಾಪಸ್ ತಂದು 2.5.0 ಬಿಟ್ಟೆ. ಬದಲಾವಣೆಯ ಪಟ್ಟಿಯಲ್ಲಿ “2.4.1 ನನ್ನ ತಪ್ಪು, ಬಳಸಬೇಡಿ” ಅಂತ ಹೆಸರು ಹಾಕಿಯೇ ಬರೆದೆ. ಆಮೇಲೆ ಆ ಹುಡುಗನನ್ನು ಟೀಗೆ ಕರೆದು ಶುಕ್ರವಾರ ರಾತ್ರಿಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಲೋಟ ನೋಡ್ತಾ ಕೂತಿದ್ದ.

“ಆಗ್ಲೇ ಹೇಳಿದ್ರ ಮಲಕೊಂತಿದ್ನಲ್ರೀ ಸರ.”

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ, ಎಲ್ಲರಿಗೂ ಮೇಲ್ ಹಾಕಿ, 3.0.0 ಬಿಟ್ಟೆ. ಅವನ ಟೀಮ್ ಇನ್ನೂ 2.5.0ದಲ್ಲೇ ಇದೆ.