ಏರಿನ ತುದಿಯಲ್ಲಿ ಗೆಲ್ಲುವವನಾರು?

ಆಷಾಢ ಮಾಸದಲ್ಲಿ ಕುಷ್ಟಗಿಯಿಂದ ಯಲಬುರ್ಗೆಯ ಕಡೆಗೆ ಸೈಕಲ್ಲನ್ನೇರಿ ಹೊರಟವನಿಗೆ ದಾರಿಯುದ್ದಕ್ಕೂ ವೈರಿ ಒಬ್ಬನೇ. ಅವನು ಪಡುವಣ ಗಾಳಿ. ಎರೆ, ಮಸಾರಿ ಹೊಲಗಳ ನಡುವೆ ಮರದ ಮರೆಯೆಂಬುದು ಅಪರೂಪ. ಆ ಸೀಮೆಯಲ್ಲಿ ಎದ್ದು ನಿಂತಿರುವ ಗಾಳಿಯಂತ್ರಗಳೇ ಅಲ್ಲಿಯ ಗಾಳಿಯ ಬಲಕ್ಕೆ ಸಾಕ್ಷಿ. ಇಬ್ಬರು ಜತೆಯಾಗಿ ಹೊರಟರೆ ಹಿಂದಿನವನು ಮುಂದಿನವನ ಚಕ್ರಕ್ಕೆ ತನ್ನ ಚಕ್ರವನ್ನು ಸಮೀಪಿಸಿ, ಅವನ ಬೆನ್ನನ್ನೇ ಗೋಡೆಯಾಗಿ ಮಾಡಿಕೊಂಡು, ಅರ್ಧ ದಣಿವಿನಲ್ಲಿಯೇ ಊರು ಮುಟ್ಟುವನು. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಆದರೆ ಅದೇ ಮನುಷ್ಯನು ಗಂಗಾವತಿಯನ್ನು ದಾಟಿ ಆನೆಗೊಂದಿಯ ಬಳಿಯ ಅಂಜನಾದ್ರಿಗೆ ಬಂದು 575 ಮೆಟ್ಟಲುಗಳನ್ನು ಹತ್ತತೊಡಗಿದರೆ ಮುಂದಿನವನ ಬೆನ್ನು ಅವನಿಗೆ ಯಾವ ಉಪಕಾರವನ್ನೂ ಮಾಡದು. ಅಲ್ಲಿ ಗಾಳಿಯಲ್ಲ, ತನ್ನ ಮೈಭಾರವೇ ತನಗೆ ಎದುರಾಳಿ. ಬಯಲಿನಲ್ಲಿ ಭಾರವನ್ನು ಹಂಚಿಕೊಳ್ಳಬಹುದು. ಏರಿನಲ್ಲಿ ಪ್ರತಿಯೊಬ್ಬನೂ ತನ್ನದನ್ನು ತಾನೇ ಹೊರಬೇಕು. ಸೈಕಲ್ ಪಂದ್ಯದ ಗೆರೆಯನ್ನು ಗುಡ್ಡದ ನೆತ್ತಿಯ ಮೇಲೆ ಎಳೆದಾಗ ಗೆಲ್ಲುವವನಾರೆಂದು ಮುಂಚಿತವಾಗಿ ಊಹಿಸುವ ವಿದ್ಯೆಯೆಲ್ಲವೂ ಈ ಒಂದು ಭೇದದಿಂದಲೇ ಹುಟ್ಟಿರುವದು.

ಈ ವಿದ್ಯೆಯನ್ನು ಪರೀಕ್ಷಿಸುವದಕ್ಕೆ ಬೆಲ್ಜಿಯಂ ದೇಶದ ಉಯಿ ಎಂಬ ಊರಿಗಿಂತ ಒಳ್ಳೆಯ ಸ್ಥಳವಿಲ್ಲ. 1936ರಲ್ಲಿ ಆರಂಭವಾದ ಫ್ಲೆಶ್ ವಾಲೋನ್ ಎಂಬ ಪಂದ್ಯವು ಈಗ ಅಲ್ಲಿಯ ಒಂದು ದಿಣ್ಣೆಯ ತುದಿಯಲ್ಲಿ ಮುಗಿಯುವದು. ಆ ದಿಣ್ಣೆಗೆ ಜನರು ‘ಗೋಡೆ’ಯೆಂದೇ ಹೆಸರಿಟ್ಟಿದ್ದಾರೆ. ಅದರ ಉದ್ದವು 1.3 ಕಿಲೋಮೀಟರು, ಏರಿಕೆಯು ಸರಾಸರಿ ನೂರಕ್ಕೆ 9.6; ನಡುವಿನ ಒಂದು ತಿರುವಿನಲ್ಲಂತೂ ಅದು ಬಹಳ ಕಡಿದಾಗಿರುವದು. ವಿಜಯಪುರದ ಗೋಲಗುಮ್ಮಟದ ಎತ್ತರವು ಸುಮಾರು 51 ಮೀಟರು. ಅಂಥ ಎರಡು ಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟರೂ ಸಾಲದಷ್ಟು ಎತ್ತರವನ್ನು, ದಿನವೆಲ್ಲ ಸವಾರಿ ಮಾಡಿ ಬಳಲಿದ ವೀರರು ಕೊನೆಗೆ ಸುಮಾರು ಮೂರು ನಿಮಿಷಗಳಲ್ಲಿ ಏರಿಬಿಡುವರು!

ಇಲ್ಲಿ ಲೆಕ್ಕವು ನಿಷ್ಠುರವಾದುದು. ಒಬ್ಬನ ತೂಕ 60 ಕಿಲೋ, ಇನ್ನೊಬ್ಬನದು 75 ಎಂದಿಟ್ಟುಕೊಳ್ಳೋಣ. ಇಬ್ಬರ ಸೈಕಲ್ಲುಗಳೂ ಏಳೇಳು ಕಿಲೋ. ಇಬ್ಬರೂ ಒಂದೇ ಹೊತ್ತಿಗೆ ತುದಿಯನ್ನು ಮುಟ್ಟಬೇಕಾದರೆ ಭಾರದವನು ಹಗುರಾದವನಿಗಿಂತ ಹೆಚ್ಚುಕಡಿಮೆ ಐದನೆಯ ಒಂದು ಪಾಲಿನಷ್ಟು ಹೆಚ್ಚಿನ ಬಲವನ್ನು ತುಳಿಯಬೇಕಾಗುವದು. ಬಯಲಿನಲ್ಲಿ ಇವನ ದಪ್ಪ ತೊಡೆಗಳು ಗಾಳಿಯನ್ನು ಸೀಳುತ್ತಿದ್ದವು, ನಿಜ; ದಿಣ್ಣೆಯಲ್ಲಿ ಅವೇ ಸಾಲವಾಗಿ ಬೆನ್ನು ಹತ್ತುವವು. ಆದುದರಿಂದ ಪಂದ್ಯದ ಹಿಂದಿನ ದಿನ ಹೆಸರುಗಳ ಪಟ್ಟಿಯನ್ನು ಹಿಡಿದವನು ಬಯಲೋಟದ ಬಿರುದಾಂಕಿತರನ್ನು ಮೊದಲೇ ಹೊಡೆದುಹಾಕುವನು.

ಹಾಗೆಂದು ಹಗುರಾದವರೆಲ್ಲರೂ ಗೆಲ್ಲುವರೆಂದಲ್ಲ. ಫ್ರಾನ್ಸಿನ ಆಲ್ಪ್ ದ್ಯುಯೆಜ್ ಎಂಬ ಘಟ್ಟವನ್ನು ನೋಡಬಹುದು. ಅದು 21 ತಿರುವುಗಳ, 13.8 ಕಿಲೋಮೀಟರಿನ ದಾರಿ. 1952ರಲ್ಲಿ ಟೂರ್ ದ ಫ್ರಾನ್ಸಿನ ಒಂದು ದಿನದ ಓಟವು ಮೊದಲ ಸಲ ಅದರ ತುದಿಯಲ್ಲಿ ಮುಗಿದಾಗ ಇಟಲಿಯ ಫೌಸ್ಟೊ ಕೊಪ್ಪಿಯು ಗೆದ್ದನು. ಅಲ್ಲಿ ಬೇಕಾದುದು ಒಲೆಯ ಕೆಂಡದಂತೆ ಬಹಳ ಹೊತ್ತು ಸಮನಾಗಿ ಉರಿಯುವ ಶಕ್ತಿ. ಉಯಿಯಲ್ಲಿ ಬೇಕಾದುದು ಮತಾಪಿನಂತೆ ಒಮ್ಮೆಲೆ ಹೊತ್ತಿಕೊಳ್ಳುವದು. ಎರಡೂ ಒಬ್ಬನಲ್ಲಿಯೇ ಕೂಡಿರುವದು ವಿರಳ. ‘ಯಾರು ಗೆಲ್ಲುವರು?’ ಎಂದು ಕೇಳುವದಕ್ಕಿಂತ ಮೊದಲು ‘ಏರು ಎಷ್ಟು ಉದ್ದ?’ ಎಂದು ಕೇಳುವವನೇ ಬಲ್ಲವನು.

ಇನ್ನೊಂದು ಗುಣವುಂಟು, ಅದನ್ನು ತಕ್ಕಡಿಯು ತೋರಿಸಲಾರದು. ಸ್ಪೇನಿನ ಅಲೆಹಾಂದ್ರೊ ವಾಲ್ವೆರ್ದೆಯು ಈ ಗೋಡೆಯನ್ನು 2006ರಲ್ಲಿ ಒಮ್ಮೆಯೂ, 2014ರಿಂದ 2017ರ ವರೆಗೆ ಸಾಲಾಗಿ ನಾಲ್ಕು ಸಲವೂ ಗೆದ್ದನು. ಅವನ ಗುಟ್ಟು ಕಾಯುವದರಲ್ಲಿತ್ತು. ಕಡಿದಾದ ತಿರುವಿನಲ್ಲಿ ಇತರರು ಆತುರದಿಂದ ಮುನ್ನುಗ್ಗಿ ಉಸಿರು ಕಳೆದುಕೊಳ್ಳುತ್ತಿರಲು, ಅವನು ಮುಂದಿನ ಸಾಲಿನಲ್ಲಿಯೇ ಇದ್ದು, ಏರು ತುಸು ಸಡಿಲಾಗುವ ಕೊನೆಯ ಕೆಲವು ಮಾರುಗಳಲ್ಲಿ ಜಿಗಿಯುವನು. ಹೆಂಗಸರ ಪಂದ್ಯದಲ್ಲಿ ನೆದರ್‌ಲ್ಯಾಂಡ್ಸಿನ ಅನ್ನಾ ವಾನ್ ಡೆರ್ ಬ್ರೆಗ್ಗನ್ 2015ರಿಂದ 2021ರ ವರೆಗೆ ಏಳು ವರ್ಷ ಒಂದೂ ತಪ್ಪದೆ ಗೆದ್ದಳು. ಇಂಥ ದಾಖಲೆಯ ಮುಂದೆ ಊಹೆಗಾರನಿಗೆ ಕೆಲಸವೇ ಉಳಿಯಲಿಲ್ಲ.

ನಿಜವಾದ ಜಾಣತನವು ಬೇಕಾಗುವದು ಹಳಬನು ಸೋಲುವ ವರ್ಷವನ್ನು ಗುರುತಿಸುವದಕ್ಕೆ. ಫ್ರಾನ್ಸಿನ ಜ್ಯೂಲಿಯಾನ್ ಅಲಾಫಿಲಿಪ್ಪನು 2015ರಲ್ಲಿಯೂ 2016ರಲ್ಲಿಯೂ ವಾಲ್ವೆರ್ದೆಯ ಹಿಂದೆ ಎರಡನೆಯವನಾಗಿದ್ದನು. ಎರಡನೆಯವನ ಹೆಸರನ್ನು ಓದದೆ ಪುಟ ತಿರುವುವವರೇ ಹೆಚ್ಚು. ಓದಿ ನೆನಪಿಟ್ಟವರಿಗೆ 2018ರಲ್ಲಿ ಅವನು ವಾಲ್ವೆರ್ದೆಯನ್ನೇ ಹಿಂದೆ ಹಾಕಿ ಗೆದ್ದಾಗ ಬೆರಗಾಗಲಿಲ್ಲ. 2024ರಲ್ಲಾದರೋ ಚಳಿ, ಮಳೆ, ಹಿಮಗಳು ಕೂಡಿ ಬಂದು, ಬಹುಮಂದಿ ನಡುದಾರಿಯಲ್ಲಿಯೇ ಬಿಟ್ಟರು; ಬ್ರಿಟನ್ನಿನ ಸ್ಟೀಫನ್ ವಿಲಿಯಮ್ಸನು ಗೆದ್ದನು. ಆಕಾಶವನ್ನು ನೋಡದೆ ಕಾಲುಗಳನ್ನಷ್ಟೇ ನೋಡಿದವರ ಲೆಕ್ಕವು ಆ ದಿನ ಕೆಟ್ಟಿತು.

ದೂರದೇಶದ ಈ ವಿನೋದವು ಕೊಪ್ಪಳದ ಮನೆಗಳಿಗೆ ಏತಕ್ಕೆಂದು ಕೇಳಬಹುದು. ಬಡಗಣ ಕರ್ನಾಟಕದ ಬಯಲು ಸೈಕಲ್ ಪಟುಗಳಿಗೆ ಹೆಸರಾದುದು. ವಿಜಯಪುರ, ಬಾಗಲಕೋಟೆಗಳ ಹುಡುಗ ಹುಡುಗಿಯರು ದೇಶದ ಪಂದ್ಯಗಳಲ್ಲಿ ಪದಕಗಳನ್ನು ತಂದಿದ್ದಾರೆ. ಬಯಲಿನಲ್ಲಿ ಬೆಳೆದವರನ್ನು ಬಯಲಿನಲ್ಲಿಯೇ ಅಳೆಯುವದು ಸಹಜ. ಆದರೆ ಗಡಿಯಾರವನ್ನು ನೇರದಾರಿಯಲ್ಲಿ ಮಾತ್ರ ಹಿಡಿದರೆ, ಕುಷ್ಟಗಿಯ ಗಾಳಿಗೆ ಹಿಂದೆ ಬಿದ್ದು, ‘ಇವನಿಗೆ ಕಸುವಿಲ್ಲ’ ಎನ್ನಿಸಿಕೊಂಡು ಮನೆಗೆ ಮರಳುವ ಸಣಕಲು ಹುಡುಗನು ಘಟ್ಟದಲ್ಲಿ ಏನು ಮಾಡಬಲ್ಲನೆಂಬುದು ಅವನ ತಂದೆಗೂ ತಿಳಿಯದು, ಆರಿಸುವವರಿಗೂ ತಿಳಿಯದು. ಬೆಂಗಳೂರಿನ ಸವಾರರಿಗೆ ನಂದಿಬೆಟ್ಟದ ದಾರಿಯು ಹತ್ತಿರದಲ್ಲಿರುವದರಿಂದ ಅವರು ತಮ್ಮನ್ನು ಅಲ್ಲಿಯೇ ಅಳೆದುಕೊಳ್ಳುವರು. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿಯ 36 ತಿರುವುಗಳು 2008ರಲ್ಲಿ ಆರಂಭವಾದ ನೀಲಗಿರಿಯ ಸೈಕಲ್ ಯಾತ್ರೆಯಲ್ಲಿ ಅನೇಕರ ಹೆಮ್ಮೆಯನ್ನು ಇಳಿಸಿವೆ, ಕೆಲವರ ಯೋಗ್ಯತೆಯನ್ನು ಬೆಳಕಿಗೆ ತಂದಿವೆ. ಯಲಬುರ್ಗೆಯ ಹುಡುಗನಿಗೆ ಅಷ್ಟು ದೂರ ಹೋಗುವ ಅನುಕೂಲವಿಲ್ಲದಿದ್ದರೆ ಬೇಡ. ಆನೆಗೊಂದಿಯ ಕಲ್ಲುಗುಡ್ಡಗಳ ಸುತ್ತಲಿನ ದಾರಿಗಳಲ್ಲಿ ಚಿಕ್ಕ ಏರುಗಳಿಗೆ ಕೊರತೆಯಿಲ್ಲ. ಅಂಥದೊಂದರ ಬುಡದಲ್ಲಿ ಒಬ್ಬನು, ತುದಿಯಲ್ಲಿ ಒಬ್ಬನು ಗಡಿಯಾರ ಹಿಡಿದು ನಿಂತು, ಹುಡುಗರನ್ನು ಒಬ್ಬೊಬ್ಬರನ್ನಾಗಿ ಬಿಟ್ಟು ನೋಡಬಹುದು. ಒಮ್ಮೆಯಲ್ಲ, ನಾಲ್ಕಾರು ಸಲ, ಮತ್ತು ಕೊನೆಯ ಸಲ ಅವರು ದಣಿದ ಮೇಲೆ.