ರೀ ಅಂದರೆ ಸಾಕಾಗುವ ತಂತಿ

ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಹೆಸರು ಹಿಡಿದು ಕರೆಯುವ ಅಗತ್ಯವಾದರೂ ಏನು ಹೇಳಿ? ‘ರೀ’ ಅಂದರೆ ಆಯಿತು, ಓಗೊಡುವವರು ಒಬ್ಬರೇ. ಅದೇ ‘ರೀ’ಯನ್ನು ಮದುವೆ ಛತ್ರದಲ್ಲಿ ಕೂಗಿ ನೋಡಿ, ಪಂಕ್ತಿಗೆ ಪಂಕ್ತಿಯೇ ತಿರುಗೀತು! ರೌಟರುಗಳ ಲೋಕದಲ್ಲೂ ಹೀಗೇ ಎಂದು ತಿಳಿದಾಗಿನಿಂದ ಮೂಲೆಯಲ್ಲಿ ಮಿಣುಕುವ ಆ ಡಬ್ಬಿಯ ಮೇಲೆ ನನಗೆ ಎಲ್ಲಿಲ್ಲದ ಅಕ್ಕರೆ.

ಎರಡೇ ತುದಿಗಳ ತಂತಿಗೆಂದು ಪಿಪಿಪಿ ಎಂಬ ಪದ್ಧತಿ ಇದೆ. ವಿಳಾಸಕ್ಕೆ ಅದರಲ್ಲೂ ಒಂದು ಜಾಗ ಉಂಟು. ಅಲ್ಲಿ ಬರೆಯುವುದು ಮಾತ್ರ ಯಾವಾಗಲೂ 255, ಅಂದರೆ, ಕೇಳಿಸಿಕೊಂಡವರಿಗೆಲ್ಲ. ಕೇಳಿಸಿಕೊಳ್ಳುವವರೋ, ಆಚೆ ತುದಿಯವರೊಬ್ಬರೇ. ಇಬ್ಬರೂ ಒಪ್ಪಿದರೆ ಅಷ್ಟನ್ನೂ ಬರೆಯದೆ ಬಿಡಬಹುದು.

ಈಥರ್‌ನೆಟ್ಟಿನದು ಛತ್ರದ ಗದ್ದಲ. ಅಲ್ಲಿ ಒಬ್ಬೊಬ್ಬರಿಗೂ 48 ಬಿಟ್ಟಿನ ಮ್ಯಾಕ್ ವಿಳಾಸ ಬೇಕು. ಹೀಗೆ ಜಗತ್ತಿನಲ್ಲೇ ಎರಡಾಗದ ಸಂಖ್ಯೆ ಯಾಕಿರಬೇಕೆಂದು 1981ರಲ್ಲಿ ಪ್ರಬಂಧ ಬರೆದ ಇಬ್ಬರಲ್ಲಿ ಒಬ್ಬರು ನಮ್ಮ ಬಾಂಬೆ ಐಐಟಿಯಲ್ಲಿ ಓದಿದ ಯೋಗೇನ್ ದಲಾಲ್. ಇಂಟರ್‌ನೆಟ್ಟಿನ ಅಡಿಪಾಯವಾದ ಟಿಸಿಪಿಯ 1974ರ ಬರಹದಲ್ಲೂ ಅವರ ಹೆಸರಿದೆ. ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತು? ಗೊತ್ತಿರಬೇಕಿತ್ತು.

ಇರಲಿ, ಎಲ್ಲಿದ್ದೆವು? ಹಾಂ, ಛತ್ರದಲ್ಲಿ. ರೌಟರ್ ಬಳಿ ಇರುವುದು ಮುಂದಿನ ನಿಲ್ದಾಣದ ಐಪಿ ವಿಳಾಸ, ಮ್ಯಾಕ್ ಗೊತ್ತಿಲ್ಲ. ‘ಈ ಐಪಿ ಯಾರದಪ್ಪಾ?’ ಎಂದು ಅದು ಎಲ್ಲರಿಗೂ ಕೇಳುವಂತೆ ಕೂಗುತ್ತದೆ. ಸಂಬಂಧಪಟ್ಟವರು ‘ನನ್ನದು’ ಎನ್ನುತ್ತಾರೆ. ಇದೇ ಡೇವಿಡ್ ಪ್ಲಮರ್ 1982ರಲ್ಲಿ ಬರೆದಿಟ್ಟ ಎಆರ್‌ಪಿ. ಫ್ರೇಮ್ ರಿಲೇ ಎಂಬ ಹಳೆಯ ಜಾಲದಲ್ಲಿ ಪ್ರಶ್ನೆಯೇ ತಿರುವುಮುರುವು. ಅಲ್ಲಿ ದಾರಿಯ ಸಂಖ್ಯೆ ಮೊದಲೇ ಗೊತ್ತು, ಅದೂ ಈ ತುದಿಗೊಂದು, ಆ ತುದಿಗೊಂದು ಇರಬಹುದು. ‘ಅತ್ತ ಕಡೆ ಇರುವವರು ಯಾರು?’ ಎಂದು ವಿಚಾರಿಸಬೇಕು.

ಮ್ಯಾಕ್, ದಾರಿಯ ಸಂಖ್ಯೆ ಇವೆಲ್ಲ ಇರುವುದು ಪ್ಯಾಕೆಟ್ ಎಂಬ ಮಾಹಿತಿಯ ಪೊಟ್ಟಣದ ಹೊರಹೊದಿಕೆಯ ಮೇಲೆ. ಪ್ರತಿ ರೌಟರ್ ಬಂದ ಹೊದಿಕೆಯನ್ನು ಬಿಚ್ಚಿ ಎಸೆದು, ಮುಂದಿನ ದಾರಿಗೆ ಒಪ್ಪುವ ಹೊಸದನ್ನು ಹೊದಿಸುತ್ತದೆ. ಒಳಗಿನ ಪ್ಯಾಕೆಟ್ಟಿನಲ್ಲಿ ಆಯುಷ್ಯದ ಅಂಕೆಯನ್ನು ಒಂದು ಕಳೆಯುತ್ತದೆ. ಸೇರಬೇಕಾದ ಐಪಿ ವಿಳಾಸವನ್ನು ಮುಟ್ಟುವುದಿಲ್ಲ. ದಾರಿ ತಾಮ್ರವೋ, ಗಾಜಿನೆಳೆಯೋ, ಗಾಳಿಯೋ, ಐಪಿ ಎಂಬ ಪದ್ಧತಿಗೆ ಎಲ್ಲವೂ ಒಂದೇ. ಈ ಉದಾರತೆ ಎಷ್ಟು ದೂರ ಹೋಗುತ್ತದೆಂದರೆ, 1990ರ ಏಪ್ರಿಲ್ 1ರಂದು ಡೇವಿಡ್ ವೈಟ್ಜ್‌ಮನ್ ಪಾರಿವಾಳದ ಕಾಲಿಗೆ ಪ್ಯಾಕೆಟ್ ಕಟ್ಟಿ ಕಳಿಸುವ ನಿಯಮವನ್ನೇ ಬರೆದರು. ನಾರ್ವೆಯ ಬರ್ಗೆನ್ನಿನ ಉತ್ಸಾಹಿಗಳು 2001ರಲ್ಲಿ ಅದನ್ನು ಮಾಡಿಯೂ ತೋರಿಸಿದರು. ಒಂಬತ್ತು ಕಳಿಸಿದ್ದಕ್ಕೆ ಉತ್ತರ ಬಂದದ್ದು ನಾಲ್ಕಕ್ಕೆ. ಅಷ್ಟಾದರೂ ನಿಯಮ ಮುರಿಯಲಿಲ್ಲ ನೋಡಿ. ತಲುಪಿಸಿಯೇ ತೀರುತ್ತೇನೆಂದು ಐಪಿ ಯಾರಿಗೂ ಮಾತು ಕೊಟ್ಟಿಲ್ಲವಲ್ಲ!