ಎರಡನೆಯ ಸಲ ಬರೆಯುವ ಮುನ್ನ

ಗಂಗಾವಳಿ ನದಿ ಸಮುದ್ರ ಸೇರುವಲ್ಲಿರುವ ನಮ್ಮ ಮಂಜಗುಣಿಯಲ್ಲಿ ಪರೀಕ್ಷೆಗೆ ಇರುವುದು ಎರಡೇ ಫಲ: ಪಾಸು ಇಲ್ಲವೇ ಫೇಲು. ಆದ್ದರಿಂದ ಎಂಬಿಎ ಪ್ರವೇಶಕ್ಕಾಗಿ ನಾವು ಮೂವರು ಗೆಳೆಯರು ಕ್ಯಾಟ್ ಪರೀಕ್ಷೆಯನ್ನು ಮತ್ತೊಮ್ಮೆ ಬರೆಯಲು ಅರ್ಜಿ ಹಾಕಿದಾಗ, "ಏನ್ರೋ ತಮ್ಮಾ, ಮೂವರೂ ಫೇಲಾದ್ರಾ?" ಎಂದು ಹಿರಿಯರು ಮರುಕಪಟ್ಟರು.

ಈ ಪರೀಕ್ಷೆಯಲ್ಲಿ ಫೇಲಾಗುವುದೆಂಬುದೇ ಇಲ್ಲ. 90 ಪರ್ಸೆಂಟೈಲ್ ಎಂದರೆ ನೂರಕ್ಕೆ ತೊಂಬತ್ತು ಅಂಕವಲ್ಲ. ಬರೆದವರಲ್ಲಿ ನೂರಕ್ಕೆ ತೊಂಬತ್ತು ಮಂದಿ ನಮಗಿಂತ ಹಿಂದಿದ್ದಾರೆ ಎಂದರ್ಥ. ಬಂದರಿನಲ್ಲಿ ಮೀನಿಗೆ ದರ ಸಿಗುವುದು ನಮ್ಮ ಬುಟ್ಟಿಯನ್ನು ನೋಡಿ ಮಾತ್ರವಲ್ಲ, ಅಂದು ಉಳಿದ ದೋಣಿಗಳು ತಂದದ್ದನ್ನೂ ನೋಡಿ. ಇದೂ ಹಾಗೆಯೇ. ನಾವು ಹೆಚ್ಚು ಅಂಕ ಗಳಿಸಿದರೂ ಉಳಿದವರು ಇನ್ನೂ ಹೆಚ್ಚು ಗಳಿಸಿದರೆ ನಮ್ಮ ಸ್ಥಾನ ಕೆಳಗಿಳಿಯುತ್ತದೆ.

ದೇಶದ ಅಭ್ಯರ್ಥಿಗಳೆಲ್ಲ ಕ್ಯಾಟನ್ನು ಮತ್ತೆ ಬರೆಯಬೇಕಾಗಿ ಬಂದದ್ದೂ ಉಂಟು. 2003ರ ನವೆಂಬರ್ 23ರ ಪರೀಕ್ಷೆ ಪ್ರಶ್ನೆಪತ್ರಿಕೆ ಸೋರಿಕೆಯಿಂದ ರದ್ದಾಗಿ, 2004ರ ಫೆಬ್ರವರಿ 15ರಂದು ಮರುಪರೀಕ್ಷೆ ನಡೆಯಿತು. ಅದು ಅನಿವಾರ್ಯವಾಗಿತ್ತು. ಆದರೆ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯುವುದು ನಾವೇ ಮಾಡಿಕೊಳ್ಳುವ ಆಯ್ಕೆ. ಅದರ ಲೆಕ್ಕವನ್ನೂ ನಾವೇ ಹಾಕಬೇಕು.

ಜಿಮ್ಯಾಟ್ ಅಂಕಕ್ಕೆ ಐದು ವರ್ಷದ ಬಾಳಿಕೆಯಿದೆ. ಅದನ್ನು 16 ದಿನಗಳ ಅಂತರದಲ್ಲಿ ಮತ್ತೆ ಬರೆಯಲೂಬಹುದು. ಕ್ಯಾಟ್ ಹಾಗಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದಾದರೂ ಅದು ನಡೆಯುವುದು ವರ್ಷಕ್ಕೊಮ್ಮೆ. ಅಂಕ ಸಲ್ಲುವುದು ಮುಂದಿನ ಒಂದು ಪ್ರವೇಶಕ್ಕೆ ಮಾತ್ರ. ಆದ್ದರಿಂದ ಇನ್ನೊಂದು ಪ್ರಯತ್ನದ ನಿಜವಾದ ಬೆಲೆ ಅರ್ಜಿ ಶುಲ್ಕವಲ್ಲ, ಒಂದು ವರ್ಷ. ದೋಣಿ ಸಾಲದ ಕಂತು ಕಟ್ಟುವ ಮನೆಯಲ್ಲಿ ಪದವಿ ಮುಗಿಸಿದ ಮಗ ದುಡಿಯದೆ ಕಳೆಯುವ ವರ್ಷವೆಂದರೆ ಚಿಕ್ಕ ಮಾತಲ್ಲ. ಅದರಾಚೆಗೆ, ಹಳೆಯ ಐಐಎಂಗಳಲ್ಲಿ ಎರಡು ವರ್ಷದ ಶುಲ್ಕ 20 ಲಕ್ಷ ರೂಪಾಯಿ ದಾಟಿದೆ.

ನಮ್ಮಲ್ಲೊಬ್ಬನಿಗೆ ಲೆಕ್ಕ ಸುಲಭ, ಇಂಗ್ಲಿಷ್ ಓದು ನಿಧಾನ. ಅವನು ಕಾರವಾರದಲ್ಲಿ ಲೆಕ್ಕಪತ್ರದ ಕೆಲಸಕ್ಕೆ ಸೇರಿ, ದಿನವೂ ಬಸ್ಸಿನಲ್ಲಿ ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿದ. 78 ಇದ್ದ ಪರ್ಸೆಂಟೈಲ್ 91ಕ್ಕೇರಿತು. ಇನ್ನೊಬ್ಬ ಮನೆಯಲ್ಲೇ ಕುಳಿತು ಅಣಕು ಪರೀಕ್ಷೆಗಳನ್ನು ಬರೆದೇ ಬರೆದ. ಫಲ ಇದ್ದಲ್ಲಿಯೇ ಉಳಿಯಿತು. ಮೂರನೆಯವನ ತಾಯಿಗೆ ಅದೇ ವಾರ ಕಾಯಿಲೆ ಹೆಚ್ಚಾಯಿತು. ಉಳಿದಿಬ್ಬರು ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಪರೀಕ್ಷಾ ಕೇಂದ್ರಕ್ಕೆ ಹೊರಟಾಗ ಅವನು ಆಸ್ಪತ್ರೆಯಲ್ಲಿದ್ದ. ಆಮೇಲೆ ರಾಜ್ಯದ ಪಿಜಿಸಿಇಟಿ ಬರೆದು ಧಾರವಾಡದಲ್ಲಿ ಎಂಬಿಎ ಮಾಡಿದ. ಇಂದು ನಮ್ಮ ಮೂವರಲ್ಲಿ ಮನೆಯ ಸಾಲ ಮೊದಲು ತೀರಿಸಿದವನು ಅವನೇ.

ಇದರಿಂದ ನಮಗೆ ತಿಳಿದದ್ದಿಷ್ಟು. ಎರಡು ಗಂಟೆಯ ಆ ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ಮೂರು ಅಂಕ. ಬಹುಆಯ್ಕೆಯ ಪ್ರಶ್ನೆಗೆ ಉತ್ತರ ತಪ್ಪಿದರೆ ಒಂದು ಅಂಕ ಕಡಿತ. ಮೊದಲ ಸಲ ಅಂಕ ಹೋದದ್ದು ಎಲ್ಲಿ? ವಿಷಯ ಗೊತ್ತಿಲ್ಲದೆಯೋ, ಸಮಯ ಸಾಲದೆಯೋ, ಊಹಿಸಿ ಗುರುತು ಹಾಕಿದ್ದರಿಂದಲೋ? ಇದಕ್ಕೆ ಉತ್ತರವಿದ್ದವನಿಗೆ ಮರುಪ್ರಯತ್ನ ಫಲ ಕೊಡಬಹುದು. 'ಇನ್ನೊಮ್ಮೆ ನೋಡೋಣ' ಎಂಬುದಷ್ಟೇ ಕಾರಣವಾದರೆ ವರ್ಷ ಕಳೆಯುತ್ತದೆ, ಅಂಕ ಹೆಚ್ಚುವುದಿಲ್ಲ.

ಇನ್ನೊಂದು ಸಂಗತಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಐಐಎಂ ಕ್ಯಾಟ್ ಅಂಕವೊಂದನ್ನೇ ನೋಡುವುದಿಲ್ಲ; ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಅಂಕ, ಪದವಿಯ ಅಂಕ, ಕೆಲಸದ ಅನುಭವ ಎಲ್ಲವನ್ನೂ ಪರಿಗಣಿಸುತ್ತದೆ. ಎಸ್ಸೆಸ್ಸೆಲ್ಸಿ ಅಂಕವನ್ನು ಇನ್ನು ಬದಲಿಸಲಾಗದು, ಅನುಭವವನ್ನು ಕೂಡಿಸಬಹುದು. ಹಾಗಾಗಿ ಸಾಧ್ಯವಿದ್ದವರು ನೌಕರಿ ಮಾಡುತ್ತಲೇ ಓದುವುದು ಒಳಿತು. ಫಲ ಬಾರದಿದ್ದರೂ ವರ್ಷ ವ್ಯರ್ಥವಾಗದು.

ತಂದೆತಾಯಂದಿರಲ್ಲಿ ನಮ್ಮದೊಂದು ವಿನಂತಿ. ಮತ್ತೆ ಬರೆಯುತ್ತೇನೆಂದ ಮಗನನ್ನೋ ಮಗಳನ್ನೋ ಸೋತವರಂತೆ ಕಾಣಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಈ ವರ್ಷ ಏನು ಬೇರೆ ಮಾಡುವೆ ಎಂದು ಕೇಳಿ. ಉತ್ತರ ಸ್ಪಷ್ಟವಾಗಿದ್ದರೆ ಧೈರ್ಯ ಹೇಳಿ ಕಳುಹಿಸಿ.